ಮೂರನೆಯ ಕೂಗು

ಜಾಲೋ ಹೆಂಡತಿಯ ಮನೆಗೆ ದುಡಿಯಲು ಬಂದ ಮೇಲೆ ಅದು ನಾಲ್ಕನೆಯ ಸುಗ್ಗಿ. ನಮ್ಮ ಲಾಹು ಜನರ ಬೆಟ್ಟಗಳಲ್ಲಿ ಮದುವೆಯಾದ ಗಂಡು ಮೊದಲು ಮಾವನ ಒಲೆಯ ಮುಂದೆ ಕೂತು ಉಣ್ಣುತ್ತಾನೆ, ಮಾವನ ಹೊಲ ಕಡಿದು ಸುಟ್ಟು ಬಿತ್ತುತ್ತಾನೆ, ಮಾವ ಸಾಕು ಅಂದ ಮೇಲೆ ಬೇರೆ ಒಲೆ ಹೂಡುತ್ತಾನೆ. ಜಾಲೋನ ಜೊತೆಗೆ ಮದುವೆಯಾದವರೆಲ್ಲ ಮನೆ ಕಟ್ಟಿಕೊಂಡು, ಅವರ ಹಂದಿಗಳು ಮರಿ ಹಾಕಿಯೂ ಆಗಿತ್ತು. ಮಾವ ಜಾಪಿ ಮಾತ್ರ ಅಳಿಯನಿಗೆ ಇನ್ನೂ ಆ ಮಾತು ಅಂದಿರಲಿಲ್ಲ.

ಬೇರೆ ಮನೆ ಬೇಕೇ ಬೇಕು ಎಂದವಳು ಜಾಲೋನ ಹೆಂಡತಿ ನಾವಾ, ಜಾಪಿಯ ಒಬ್ಬಳೇ ಮಗಳು. ಹಿಂದಿನ ಮಳೆಗಾಲದಲ್ಲಿ ಅವಳ ಕೂಸು ಆ ಮನೆಯ ಒಲೆಯ ಪಕ್ಕದಲ್ಲೇ ಜ್ವರ ಕಾದು ತೀರಿಹೋಗಿತ್ತು. ಆಮೇಲೆ ಅವಳು ಆ ಮೂಲೆಯ ಕಡೆ ನೋಡಿ ಉಂಡದ್ದಿಲ್ಲ. ಈಗ ಮತ್ತೆ ಹೊಟ್ಟೆ ಮುಂದೆ ಬಂದಿತ್ತು.

"ಇದನ್ನ ಈ ಮನೇಲಿ ಹೆರಲ್ಲ ನಾನು," ಎಂದಳು, ಮುಸುಕಿನ ಜೋಳ ಬಿಡಿಸುತ್ತಾ. "ಹೊಸ ವರ್ಷದೊಳಗೆ ನಮ್ಮದು ಅಂತ ಒಂದು ಸೂರು ಆಗ್ಬೇಕು. ಹುಲ್ಲಿಂದಾದ್ರೂ ಸರಿ, ಎಲೇದಾದ್ರೂ ಸರಿ."

"ನಿಮ್ಮಪ್ಪನಿಗೆ ಹೇಳು."

"ಹೇಳಿ ಹೇಳಿ ಬಾಯಿ ಒಣಗ್ತು. ಮೊದ್ಲು ಅವನು ಒಂದು ಕಡವೆ ಕೆಡವಲಿ ಅಂತಾನೆ."

ಜಾಪಿ ಊರಿನಲ್ಲಿ ಕೀಲೆಳೆದರೆ ಬಾಣ ಹಾರುವ ಅಡ್ಡಬಿಲ್ಲು ಮಾಡುವವನು. ಬೇಟೆಯಲ್ಲೂ ಅವನ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಈಗೀಗ ಕೋವಿ ಇದ್ದವರೂ ಅದನ್ನು ಸೂರಿಗೆ ಸಿಕ್ಕಿಸಿಟ್ಟಿದ್ದಾರೆ. ಈಡು ಕೇಳಿಸಿದರೆ ಕೆಳಗಿನ ಕಣಿವೆಯಿಂದ ಸಿಪಾಯಿಗಳು ಹತ್ತಿ ಬರುತ್ತಾರೆ, ಬಂದವರು ಬರಿಗೈಲಿ ಇಳಿಯುವುದಿಲ್ಲ. ಅಡ್ಡಬಿಲ್ಲಿಗೆ ಬಾಯಿಲ್ಲ. ಬೆರಳಿಗಿಂತ ಸಣ್ಣ ಬಿದಿರ ಬಾಣ, ಅದರ ತುದಿಗೆ ವತ್ಸನಾಭಿಯ ವಿಷದ ಬೇರು ಜಜ್ಜಿ ಕುದಿಸಿ ಬಳಿದ ಮದ್ದು. ಕೊಲ್ಲುವುದು ಬಾಣವಲ್ಲ, ಆ ಮದ್ದು. ಅದಕ್ಕೆ ಹೊತ್ತು ಬೇಕು.

ಆ ಹೊತ್ತೇ ಜಾಲೋನಿಗೆ ಆಗಿಬರುತ್ತಿರಲಿಲ್ಲ. ಬಾಣ ತಾಗಿದ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋದರೆ ಅದು ಉಸಿರಿರುವ ತನಕ ಓಡಿ, ಕಣಿವೆಗಳನ್ನು ದಾಟಿ ಯಾವುದೋ ಮುಳ್ಳುಮೆಳೆಯಲ್ಲಿ ಸತ್ತು ಕೊಳೆಯುತ್ತದೆ. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಅದಕ್ಕೇ ನಮ್ಮಲ್ಲಿ ಬಾಣ ಬಿಟ್ಟವನು ಕೂತಲ್ಲೇ ಕೂತು ಚಿಲುಮೆ ತುಂಬಿ, ಅದು ತಾನಾಗಿ ಆರುವ ತನಕ ಸೇದುತ್ತಾನೆ. ಜಾಲೋ ಎರಡು ಸಲ ಚಿಲುಮೆ ಬಿಸಾಕಿ ಓಡಿದ್ದ. ಒಂದು ಸಲದ ಕಡವೆ ಹದ್ದುಗಳಿಗಾಯಿತು. ಇನ್ನೊಂದು ಏನಾಯಿತೋ ಗೊತ್ತಾಗಲೇ ಇಲ್ಲ.

"ಕೂರಕ್ಕೆ ಬರದವನಿಗೆ ಒಲೆ ಯಾತಕ್ಕೆ?" ಎಂದು ಜಾಪಿ ಊರವರ ಮುಂದೆಯೇ ಕೇಳುತ್ತಿದ್ದ. "ಅನ್ನ ಬೇಯೋ ಮುಂಚೆ ಎದ್ದು ಓಡ್ತಾನೆ ಇವನು!"

ಇನ್ನೊಂದು ನೇಮವೂ ಇತ್ತು. ಕಾಡಿನ ಪ್ರಾಣಿ ಬೆಟ್ಟದೊಡೆಯನೆಂಬ ದೈವದ ದನ. ಅದಕ್ಕೆ ಬಾಣ ತಾಗಿದ ಮೇಲೆ ಒಡೆಯ ಬೇಟೆಗಾರನನ್ನು ಎಬ್ಬಿಸಿ ದಾರಿ ತಪ್ಪಿಸಲು ನೋಡುತ್ತಾನೆ. ಹೆಂಡತಿಯ ದನಿಯಲ್ಲಿ ಕರೆಯುತ್ತಾನೆ, ಅಣ್ಣನ ದನಿಯಲ್ಲಿ ಕರೆಯುತ್ತಾನೆ. ಆದರೆ ಅವನಿಗೆ ಎರಡಕ್ಕಿಂತ ಹೆಚ್ಚು ಸಲ ಕೂಗುವ ಶಕ್ತಿಯಿಲ್ಲ. ಮೂರನೆಯ ಸಲ ಕೂಗುವುದು ಮನುಷ್ಯ ಮಾತ್ರ. ಆದ್ದರಿಂದ ಮೂರನೆಯ ಕೂಗು ಕೇಳುವ ತನಕ ಓ ಅನ್ನಬಾರದು, ಏಳಬಾರದು. ನಮ್ಮ ಮಕ್ಕಳು ಮಾತು ಕಲಿಯುವಾಗಲೇ ಇದನ್ನು ಕಲಿಯುತ್ತವೆ.

ಸುಗ್ಗಿಯ ಕಾಳು ಕಣಜ ಸೇರಿದ ಮೇಲೆ, ಕಾಡಿನಲ್ಲಿ ನೆಲ್ಲಿಕಾಯಿ ಉದುರುವ ಹೊತ್ತಿಗೆ, ಮಾವ ಅಳಿಯ ಇಬ್ಬರೂ ಹೊರಟರು. ಹಳ್ಳದಾಚೆಯ ಇಳಿಜಾರಿನಲ್ಲಿ ನೆಲ್ಲಿಮರಗಳ ಕೆಳಗೆ ಹೆಣ್ಣು ಕಡವೆಯೊಂದರ ಹೆಜ್ಜೆ ಇತ್ತು. ಹಿಕ್ಕೆ ಹಸಿಯಾಗಿತ್ತು. ಜಾಪಿ ಅದನ್ನು ಬೆರಳಲ್ಲಿ ಒಡೆದು ಮೂಸಿದ.

"ದಿನಾ ಬರಲ್ಲ ಇದು. ಮನಸ್ಸು ಬಂದಾಗ ಬರುತ್ತೆ. ನೀನು ಇಲ್ಲಿ ಕೂರು, ನಾನು ಮೇಲೆ ಬಿದಿರಮೆಳೆ ಹತ್ರ ಇರ್ತೀನಿ. ಬಾಣ ನೀನೇ ಬಿಡ್ಬೇಕು. ನನ್ನ ಬಾಣ ಬಿದ್ರೆ ನಿನಗೆ ಮನೆ ಇಲ್ಲ, ತಿಳ್ಕೋ."

"ನೀನು ಕೆಮ್ಮದಿದ್ರೆ ಸಾಕು ಮಾವ."

"ನಾನು ಕೆಮ್ಮಿದ್ರೂ ಕಡವೆ ನಿಲ್ಲುತ್ತೆ ಕಣೋ. ನೀನು ಕೂತಿರೋದು ಕಂಡ್ರೆ ಮಾತ್ರ, ಇದೇನಪ್ಪಾ ಆಶ್ಚರ್ಯ ಅಂತ ಓಡುತ್ತೆ."

ಅವತ್ತು ಬರಲಿಲ್ಲ. ಮರುದಿನವೂ ಬರಲಿಲ್ಲ. ಇಬ್ಬರೂ ಬೆಳಕು ಹರಿಯುವ ಮುಂಚೆ ಹೋಗಿ, ಬಿಸಿಲು ನೆತ್ತಿ ದಾಟಿದ ಮೇಲೆ ಹಿಂತಿರುಗುತ್ತಿದ್ದರು. ಬೇಟೆಯ ದಿನಗಳಲ್ಲಿ ಬೆಳ್ಳುಳ್ಳಿ ತಿನ್ನುವಂತಿಲ್ಲ, ಮೈ ತೊಳೆಯುವಂತಿಲ್ಲ. ಬಾಳೆಎಲೆಯಲ್ಲಿ ಕಟ್ಟಿದ ತಣ್ಣನೆಯ ಅನ್ನ, ಉಪ್ಪು, ಮೆಣಸಿನಕಾಯಿ, ಅಷ್ಟೇ. ಚಳಿಗೆ ಜಾಲೋನ ಮಂಡಿಗಳು ಮರಗಟ್ಟುತ್ತಿದ್ದವು. ಇರುವೆಗಳು ಕಾಲ ಸಂದಿಯಿಂದ ಹತ್ತಿ ಕುತ್ತಿಗೆಯ ತನಕ ಹೋಗಿ ದಾರಿ ಸಿಗದೆ ಕಚ್ಚುತ್ತಿದ್ದವು. ಮೊದಮೊದಲು ಅವನು ಮನಸ್ಸಿನಲ್ಲೇ ಮನೆ ಕಟ್ಟಿದ. ಕಂಬ ನೆಟ್ಟ, ಬಿದಿರು ಸೀಳಿ ಹಾಸಿದ, ಹುಲ್ಲು ಹೊದಿಸಿದ. ಮನೆ ಮುಗಿಯಿತು, ಕಡವೆ ಬರಲಿಲ್ಲ. ಮತ್ತೆ ಕಿತ್ತು ಕಟ್ಟಿದ. ಆಮೇಲೆ ಅದೂ ಬೇಸರವಾಗಿ, ಎದುರಿನ ಬಂಡೆಯ ಮೇಲೆ ಬಿಸಿಲು ಇಳಿಯುವುದನ್ನು ನೋಡುತ್ತಾ ಸುಮ್ಮನೆ ಕೂತ. ಹೀಗೆ ಸುಮ್ಮನೆ ಕೂರುವುದು ಸಾಧ್ಯವೆಂದು ಅವನಿಗೆ ಗೊತ್ತಿರಲಿಲ್ಲ. ಮಾವ ಹೇಳುತ್ತಿದ್ದುದು ಇದೇ ಇರಬೇಕು ಅನ್ನಿಸಿತು.

ಅಂಥ ಒಂದು ಬೆಳಿಗ್ಗೆ ಕಡವೆ ಬಂತು. ಸದ್ದಿಲ್ಲ. ಮೊದಲು ಇಲ್ಲದಿದ್ದದ್ದು ಆಮೇಲೆ ಇತ್ತು. ಕಿವಿ ಅಲ್ಲಾಡಿಸುತ್ತಾ ನೆಲ್ಲಿಕಾಯಿ ಹೆಕ್ಕಿತು, ತಲೆ ಎತ್ತಿತು, ಮತ್ತೆ ಬಗ್ಗಿತು. ಜಾಲೋ ಅದು ಪಕ್ಕೆ ತಿರುಗಿಸುವ ತನಕ ಕಾದ. ಬಿಲ್ಲು ಹಿಡಿದ ತೋಳು ಸೋತುಬಂದರೂ ಕಾದ. ಕಡವೆ ಮುಂಗಾಲು ಮುಂದಿಟ್ಟಾಗ ಬಿಲ್ಲಿನ ಮೂಳೆಯ ಕೀಲನ್ನು ಎಳೆದ. ಹೆದೆ ಟಪ್ ಎಂದಿತು. ಬಾಣ ಪಕ್ಕೆಯಲ್ಲಿ ಹೂತಿತು. ಪ್ರಾಣಿ ಒಮ್ಮೆ ಎಗರಿ, ಇಳಿಜಾರಿನಲ್ಲಿ ಅಡ್ಡಲಾಗಿ ಓಡಿ ಕಣ್ಮರೆಯಾಯಿತು.

ಅವನ ಕಾಲು ತಾನಾಗಿಯೇ ಮೇಲೆದ್ದಿತ್ತು. ಅದನ್ನು ಮತ್ತೆ ನೆಲಕ್ಕೆ ಒತ್ತಿ ಕೂತ. ಚೀಲ ಬಿಚ್ಚುವ ಅವಸರಕ್ಕೆ ಅರ್ಧ ಹೊಗೆಸೊಪ್ಪು ಚೆಲ್ಲಿತು. ಉಳಿದದ್ದನ್ನು ತುಂಬಿ ಕಿಡಿ ಹೊತ್ತಿಸಿದ.

ಎರಡು ದಮ್ಮು ಎಳೆದಿರಬೇಕು. ಮೇಲಿನ ಬಿದಿರಮೆಳೆಯ ಕಡೆಯಿಂದ ಕೂಗು ಬಂತು.

"ಲೋ ಜಾಲೋ!"

ಮಾವನ ದನಿ. ಮಾವನ ದನಿಯೇ, ಆ ಕೊನೆಯ ಕೀರಲು ಸಮೇತ. ಬಾಣ ತಾಗಿದ ಮೇಲೆ ಜಾಪಿ ಬಾಯಿ ಬಿಡುವವನಲ್ಲ. ನೇಮ ಕಲಿಸಿದವನೇ ನೇಮ ಮುರಿಯುತ್ತಾನೆಯೇ? ಜಾಲೋ ಚಿಲುಮೆಯನ್ನು ಗಟ್ಟಿಯಾಗಿ ಕಚ್ಚಿದ.

"ಜಾಲೋ... ಬಾರೋ!"

ಈ ಸಲ ದನಿ ಕುಗ್ಗಿತ್ತು, ತೊದಲುತ್ತಿತ್ತು, ಬಾಯಲ್ಲಿ ಏನೋ ತುಂಬಿಕೊಂಡು ಕೂಗಿದ ಹಾಗೆ. ಒಡೆಯನ ಶಕ್ತಿ ಮುಗಿಯುತ್ತಾ ಬಂತು ಎಂದುಕೊಂಡ ಜಾಲೋ. ಇನ್ನೊಂದು ಸಲ ಕೂಗಲಿ, ಆಗಲೇ ಎದ್ದು ಹೋಗುತ್ತೇನೆ. ಕಿವಿಯಿಟ್ಟು ಕೂತ. ಎಲೆ ಉದುರಿತು. ಎಲ್ಲೋ ಮರಕುಟಿಗ ಕುಟ್ಟಿತು. ಮೂರನೆಯ ಕೂಗು ಬರಲಿಲ್ಲ.

ಬರದೇ ಇದ್ದುದಕ್ಕೆ ಅವನಿಗೆ ನಗು ಬಂತು. ಎಂದೂ ಸೇದದ ಹಾಗೆ ನಿಧಾನವಾಗಿ ಸೇದಿದ. ಬೂದಿ ತಣ್ಣಗಾದ ಮೇಲೆ ಎದ್ದು, ರಕ್ತದ ಹನಿ ಹಿಡಿದು ನಡೆದ. ಅವಸರ ಮಾಡಲಿಲ್ಲ. ಹನಿ ತಪ್ಪಿದಲ್ಲಿ ನಿಂತು, ಕುಕ್ಕರುಗಾಲಲ್ಲಿ ಕೂತು ಹುಡುಕಿದ. ಕಡವೆ ಹಳ್ಳದ ಮೇಲಿನ ಸಮತಟ್ಟಿನಲ್ಲಿ, ಮಲಗಿದ ದನದ ಹಾಗೆ ಕಾಲು ಮಡಚಿ ಸತ್ತಿತ್ತು. ಬಾಣದ ಸುತ್ತ ಮದ್ದಿಗೆ ಕಪ್ಪಾದ ಮಾಂಸವನ್ನು ಕುಯ್ದು ದೂರ ಎಸೆದ. ಆಮೇಲೆ ಗಂಟಲು ಹರಿಯುವ ಹಾಗೆ ಕೂಗಿದ:

"ಮಾವಾ! ಬಿದ್ದದೆ! ಬಾ, ನೋಡು ಬಾ! ಕೂತಿದ್ದೆ ಕಣೋ ಮಾವಾ!"

ಮೇಲಿನ ಮೆಳೆಯತ್ತ ನೋಡಿ ಮತ್ತೆ ಕೂಗಿದ:

"ಸಾಕು ನಾಟಕ! ಒಂದು ಮನೆ ಕೊಡೋಕೆ ಎಷ್ಟು ಬಿಗುಮಾನ ನಿಂದು!"

ಬೈದುಕೊಳ್ಳುತ್ತಲೇ ಮೇಲೆ ಹತ್ತಿದ. ಬಿದಿರಮೆಳೆಯ ಕೆಳಗೆ ಒಣಗಿದ ಎಲೆಗಳು ಒಂದೇ ನೇರಕ್ಕೆ ಉಜ್ಜಿಹೋಗಿದ್ದವು, ಯಾರೋ ಜಾರಿದ ಗುರುತು. ಗುರುತಿನ ಕೊನೆಯಲ್ಲಿ ಬಿಲ್ಲು ಮುರಿದು ಬಿದ್ದಿತ್ತು. ಅಲ್ಲಿಂದಾಚೆಗೆ ಮೈ ಎಳೆದ ಗೆರೆ, ಜಾಲೋ ಕೂತಿದ್ದ ನೆಲ್ಲಿಮರದ ಕಡೆಗೆ.

ಜಾಪಿ ಬೋರಲಾಗಿ ಬಿದ್ದಿದ್ದ. ಜಾರಿದಾಗ ಚುಚ್ಚಿಕೊಂಡ ತನ್ನದೇ ಬಾಣ ತೊಡೆಯಲ್ಲಿ ಮುರಿದಿತ್ತು. ಕಡವೆಗೆ ಮಾಡುವ ಹಾಗೆಯೇ ಚೂರಿಯಿಂದ ತೊಡೆಯ ಮಾಂಸವನ್ನು ಸುತ್ತಲೂ ಕುಯ್ದುಕೊಳ್ಳಲು ನೋಡಿದ್ದ, ಅರ್ಧದಲ್ಲಿ ಕೈ ನಿಂತಿತ್ತು. ಬಾಯಿಂದ ಜೊಲ್ಲು ಸುರಿದು ಮಣ್ಣು ಮೆತ್ತಿತ್ತು. ಮೈ ಇನ್ನೂ ಬೆಚ್ಚಗಿತ್ತು. ಈ ಮದ್ದು ಮೊದಲು ನಾಲಿಗೆಯನ್ನು ಕಟ್ಟುತ್ತದೆ. ಅದನ್ನು ಜಾಲೋನಿಗೆ ಯಾರೂ ಹೇಳಬೇಕಿರಲಿಲ್ಲ. ಮದ್ದು ಕುದಿಸುವ ದಿನ ಮಾವನೇ ಹೇಳಿಕೊಟ್ಟಿದ್ದ. ಮಾವನ ಸೊಂಟದಲ್ಲಿದ್ದ ಚಿಲುಮೆಗೆ ಹೊಗೆಸೊಪ್ಪು ತುಂಬಿರಲೇ ಇಲ್ಲ. ಮುದುಕ ಕೂತಿರಲಿಲ್ಲ, ಎದ್ದು ಬರುತ್ತಿದ್ದ.

ಯಾಕೆ ಎದ್ದ ಎಂಬುದನ್ನು ಊರವರು ಆಮೇಲೆ ಬೇಕಾದಷ್ಟು ಮಾತಾಡಿದರು. ಅಳಿಯ ಈ ಸಲವೂ ಓಡಿಯಾನು ಎಂದು ಹಿಡಿದು ಕೂರಿಸಲು ಬರುತ್ತಿದ್ದ ಎಂದರು ಕೆಲವರು. ಕಡವೆ ತನ್ನ ಕಡೆ ಬಂದರೆ ತಡೆಯಲು ಬಾಣದ ತುದಿಯ ಮುಚ್ಚಳ ತೆಗೆದಿದ್ದನೇನೋ ಎಂದರು ಇನ್ನು ಕೆಲವರು. ಯಾರಿಗೂ ಗೊತ್ತಿಲ್ಲ.

ಜಾಲೋ ಮಾವನನ್ನು ಬೆನ್ನ ಮೇಲೆ ಹೊತ್ತು ತಂದ. ಊರವರು ಹೋಗಿ ಕಡವೆಯನ್ನು ತಂದರು. ಅದರ ಮಾಂಸ ಸಾವಿನ ಮನೆಯ ಊಟಕ್ಕಾಯಿತು.

ಹೂಳಿ ಬಂದ ಮೇಲೆ ಊರ ಹಿರಿಯ ಎಲ್ಲರ ಮುಂದೆ ಜಾಲೋನ ಹೆಗಲ ಮೇಲೆ ಕೈಯಿಟ್ಟ.

"ನೀನು ನೇಮ ಮೀರಿಲ್ಲ ಮಗಾ. ಎರಡು ಕೂಗಿಗೆ ಎದ್ದಿದ್ರೆ ತಪ್ಪಾಗೋದು. ಎದ್ದು ಹೋಗಿದ್ರೂ ಆ ಮದ್ದಿಗೆ ಮದ್ದಿಲ್ಲ."

"ಮದ್ದಿಲ್ಲ ಸರಿ," ಎಂದಳು ಹಿಂದೆ ಕೂತಿದ್ದ ಯಾವುದೋ ಮುದುಕಿ. "ಸಾಯೋವಾಗ ತಲೆ ಇಟ್ಕೊಳ್ಳೋಕೆ ಒಂದು ತೊಡೆಯಾದ್ರೂ ಇರ್ತಿತ್ತು."

ಹಿರಿಯ ಅವಳ ಕಡೆ ತಿರುಗಲಿಲ್ಲ.

ಜನ ಚದುರಿದ ಮೇಲೆ ಮನೆಯಲ್ಲಿ ಮೂವರೇ ಉಳಿದರು: ಜಾಲೋ, ನಾವಾ, ಜಾಪಿಯ ಹೆಂಡತಿ ನಾಶೀ. ಗಂಡು ದಿಕ್ಕಿಲ್ಲದ ಮನೆ ಬಿಟ್ಟು ಅಳಿಯ ಬೇರೆ ಒಲೆ ಹೂಡುವಂತಿಲ್ಲ. ಅತ್ತೆ ಇರುವ ತನಕ ಆ ಒಲೆ ಆರದಂತೆ ಅವನೇ ನೋಡಿಕೊಳ್ಳಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ.

ನಾವಾ ಪಾತ್ರೆ ತಿಕ್ಕುತ್ತಿದ್ದವಳು ನಿಲ್ಲಿಸಿ ಕೇಳಿದಳು:

"ಎರಡನೇ ಸಲ ಕೂಗಿದಾಗ ನಿಂಗೆ ಅಪ್ಪಂದೇ ದನಿ ಅಂತ ಗೊತ್ತಾಯ್ತಾ?"

ಜಾಲೋ ಅವಳ ಕಡೆ ತಿರುಗಿದ.

"ಗೊತ್ತಾಯ್ತು. ಅವನದೇ ದನಿ ಅನ್ನಿಸ್ತು, ಅದಕ್ಕೇ ಏಳಲಿಲ್ಲ."

ಅವಳು ತಲೆಯಾಡಿಸಿದಳು. ಅವಳೂ ಆ ಬೆಟ್ಟದಲ್ಲೇ ಬೆಳೆದವಳು. ನೀರಿನ ಬಿದಿರುಕೊಳವೆಗಳನ್ನು ಬುಟ್ಟಿಗೆ ಹಾಕಿ, ಬುಟ್ಟಿಯ ಪಟ್ಟಿಯನ್ನು ಹಣೆಗೆ ಸಿಕ್ಕಿಸಿಕೊಂಡು, ಹೊಟ್ಟೆಯ ಮೇಲೊಂದು ಕೈಯಿಟ್ಟು, ಕಂಬಗಳ ಮೇಲೆ ನಿಂತ ಆ ಮನೆಯ ಏಣಿ ಇಳಿದು ಹೋದಳು.

ನಾಶೀ ಒಲೆಗೆ ಕೊಳ್ಳಿ ಒಟ್ಟಿದಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

"ಮೂಡಗಡೆ ಕಂಬಕ್ಕೆ ಗೆದ್ದಲು ಹಿಡಿದದೆ," ಎಂದಳು. "ಹೊಸ ವರ್ಷದೊಳಗೆ ಬದಲಾಯಿಸ್ಬೇಕಪ್ಪ."

"ಆಗ್ಲಿ ಅತ್ತೆ," ಎಂದ ಜಾಲೋ.