ಅದಕ್ಕೂ ಸ್ತೋತ್ರ

ಬುಧವಾರ ಬೆಳಗ್ಗೆ ಆರ್ಲಿಸ್ ಫ್ರಿಜ್ಜಿನಿಂದ ಪಾತ್ರೆ ಹೊರತೆಗೆದು, ಮುಚ್ಚಿದ ಬಟ್ಟೆ ಸರಿಸಿ ನೋಡಿದಳು. ರಾತ್ರಿ ಗಟ್ಟಿಯಾಗಿ ಕೂತಿದ್ದ ಆಲೂಗಡ್ಡೆಯ ಹಿಟ್ಟು ಬೆವೆತು, ನೀರೊಡೆದು, ಪಾತ್ರೆಯ ತುಂಬ ಅಂಟಾಗಿ ಹರಡಿಕೊಂಡಿತ್ತು. ಬೆರಳಿಟ್ಟರೆ ಬೆರಳನ್ನೇ ಹಿಡಿದುಕೊಂಡಿತು.

ತಪ್ಪು ಏನೆಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ ಲೆಫ್ಸ ಎಂಬ ತೆಳ್ಳನೆಯ ಆಲೂಗಡ್ಡೆ ರೊಟ್ಟಿ ಮಾಡುವ ಮನೆಯಲ್ಲಿ ಹುಟ್ಟಿ ಎಪ್ಪತ್ತು ದಾಟಿದವಳು ಅವಳು. ಬೆಂದ ಆಲೂಗಡ್ಡೆಯನ್ನು ಬಿಸಿಯಿರುವಾಗಲೇ ಹಿಸುಕಿ, ಬೆಣ್ಣೆ ಕೆನೆ ಸೇರಿಸಿ, ರಾತ್ರಿಯೆಲ್ಲ ತಣ್ಣಗಿಡಬೇಕು. ಮೈದಾ ಬೆರೆಸುವುದು ಮಾರನೆಯ ಬೆಳಗ್ಗೆ, ಲಟ್ಟಿಸುವ ಹೊತ್ತಿಗೆ, ಅದೂ ಆಗಿನದಾಗಲೇ ಸ್ವಲ್ಪ ಸ್ವಲ್ಪವಾಗಿ. ಮೊದಲೇ ಬೆರೆಸಿದರೆ ಆಲೂಗಡ್ಡೆ ರಾತ್ರಿಯಿಡೀ ಅಳುತ್ತದೆ ಎಂದು ಅವಳ ತಾಯಿ ಹೇಳುತ್ತಿದ್ದಳು. ಆದರೆ ಮೈದಾ ಬೆರೆಸುವುದು ಎಂದೂ ಆರ್ಲಿಸಳ ಕೆಲಸವಾಗಿರಲಿಲ್ಲ. ಅದು ತಮ್ಮ ಡೆಲ್ಮರನ ಕೆಲಸ. ಪ್ರತಿ ವರ್ಷ ಆ ಬುಧವಾರ ಅವನು ತನ್ನ ದೊಡ್ಡ ದುಂಡು ಕಾವಲಿಯನ್ನು ಗಾಡಿಯಲ್ಲಿ ಹೇರಿಕೊಂಡು ಬರುತ್ತಿದ್ದ. ಅವನು ಹಿಟ್ಟು ಕಲಸಬೇಕು, ಅಕ್ಕ ಲಟ್ಟಿಸಬೇಕು. ಉದ್ದನೆಯ ಚಪ್ಪಟೆ ಕೋಲಿನಿಂದ ಎತ್ತಿ ಕಾವಲಿಗೆ ಹಾಸಿ, ತಿರುವಿ ಹಾಕುವುದೂ ಅವನೇ. ಈ ವರ್ಷ ಒಬ್ಬಳೇ ಮಾಡಬೇಕು, ಬೆಳಗ್ಗೆ ಕೈ ಸಾಲದು ಎಂದು ಅವಳು ರಾತ್ರಿಯೇ ಎಲ್ಲ ಮುಗಿಸಿಟ್ಟಿದ್ದಳು.

ಒಬ್ಬಳೇ ಮಾಡುವ ಹಾಗಾದದ್ದು ಹೋದ ವರ್ಷದ ಹಬ್ಬದ ಮೇಜಿನಲ್ಲಿ.

ಅವರ ಮನೆಯಲ್ಲಿ ಊಟಕ್ಕೆ ಮೊದಲು ಒಂದು ಪದ್ಧತಿ. ಒಬ್ಬೊಬ್ಬರೂ ಆ ವರ್ಷ ತಮಗೆ ದೊರೆತದ್ದರಲ್ಲಿ ಒಂದನ್ನು ಹೇಳಬೇಕು. ಮನೆಯ ಹಿರಿಯರು ಮೊದಲು "ಅದಕ್ಕೂ ಸ್ತೋತ್ರ" ಎಂದು ದೇವರಿಗೆ ವಂದನೆ ಹೇಳಬೇಕು. ಉಳಿದವರು ಹಿಂದೆಯೇ ದನಿಗೂಡಿಸಬೇಕು. ಅಪ್ಪನ ಕಾಲದಲ್ಲಿ ಅಪ್ಪ ಹೇಳುತ್ತಿದ್ದ. ಈಗ ಆರ್ಲಿಸ್. ಹೋದ ವರ್ಷ ಹಬ್ಬಕ್ಕೆ ಸ್ವಲ್ಪ ಮೊದಲು ಚುನಾವಣೆ ಮುಗಿದಿತ್ತು. ಆರ್ಲಿಸಳ ಮಗಳು ಸಿಗ್ರಿಡ್ ಮಿನಿಯಾಪೊಲಿಸಿನಲ್ಲಿ ಚಪ್ಪಲಿ ಸವೆಯುವಷ್ಟು ಮನೆಮನೆಯ ಬಾಗಿಲು ತಟ್ಟಿದ್ದಳು. ಅವಳ ಪಕ್ಷ ಸೋತಿತ್ತು. ಡೆಲ್ಮರನ ಪಕ್ಷ ಗೆದ್ದಿತ್ತು. ಅವನ ಸರದಿ ಬಂದಾಗ ಅವನು ಗೆಲುವಾಗಿ, "ಈ ದೇಶ ಮತ್ತೆ ನಮ್ಮ ಕೈಗೆ ಬಂತಲ್ಲ, ಅದಕ್ಕೆ" ಎಂದಿದ್ದ.

ಸಿಗ್ರಿಡಳ ಕಣ್ಣು ತುಂಬಿದ್ದನ್ನು ಆರ್ಲಿಸ್ ನೋಡಿದಳು. ಬಾಯಿ ತೆರೆಯಲಿಲ್ಲ. ಅವಳು ಹೇಳದ ಮೇಲೆ ಉಳಿದವರೂ ಹೇಳಲಿಲ್ಲ. ಟರ್ಕಿ ಕೋಳಿಯಿಂದ ಹಬೆ ಏಳುತ್ತಿತ್ತು. ಡೆಲ್ಮರ್ ಅಕ್ಕನ ಮುಖವನ್ನೇ ನೋಡುತ್ತ ಕಾದ. ಆಮೇಲೆ ತೊಡೆಯ ಮೇಲಿನ ಬಟ್ಟೆಯನ್ನು ಮಡಿಚಿ ತಟ್ಟೆಯ ಪಕ್ಕದಲ್ಲಿಟ್ಟು, ಕೋಟು ಹಾಕಿಕೊಂಡು ಹೋದ. ಬೈಯಲಿಲ್ಲ, ಬಾಗಿಲು ಬಡಿಯಲಿಲ್ಲ. ಆ ಭಾನುವಾರದಿಂದ ಚರ್ಚಿನಲ್ಲಿ ಅವಳ ಪಕ್ಕದ ಜಾಗ ಬಿಟ್ಟು ಆಚೆ ಸಾಲಿನ ಬೆಂಚಿಗೆ ಹೋಗಿ ಕೂತ. ಹಾಡುವಾಗ ಅವನ ದಪ್ಪ ದನಿ ಈಗ ಅವಳಿಗೆ ಎದುರು ಗೋಡೆಯಿಂದ ಕೇಳಿಸುತ್ತಿತ್ತು.

ಅವನ ಮಾತನ್ನು ಒಪ್ಪಲಿಲ್ಲವೆಂದು ಅವಳಿಗೆ ಪಶ್ಚಾತ್ತಾಪವಿರಲಿಲ್ಲ. ಅದನ್ನು ಇಂದಿಗೂ ಒಪ್ಪಲಾರಳು. ಆದರೆ ಅಪ್ಪನ ನೆನಪು ಕಾಡುತ್ತಿತ್ತು. ಒಂದು ವರ್ಷ ಅವಳಿಗೆ ಹಬ್ಬದ ದಿನ ಜ್ವರ. ಪುಟ್ಟ ಡೆಲ್ಮರ್ ಎದ್ದು ನಿಂತು, "ಆರ್ಲಿಗೆ ಜ್ವರ ಬಂತು, ಅವಳ ಪಾಲಿನ ಕುಂಬಳಕಾಯಿ ಪೈ ನನಗೆ ಸಿಗತ್ತೆ, ಅದಕ್ಕೆ" ಎಂದಿದ್ದ. ಒಳಕೋಣೆಯ ಹಾಸಿಗೆಯಿಂದ ಅವಳಿಗೆ ಎಲ್ಲ ಕೇಳಿಸಿತ್ತು. ಅಮ್ಮ ಗದರಿಸುವ ಮೊದಲೇ ಅಪ್ಪನ ಗಂಭೀರವಾದ ದನಿ: "ಅದಕ್ಕೂ ಸ್ತೋತ್ರ." ಅಪ್ಪ ಆ ಮೇಜಿನಲ್ಲಿ ಯಾರ ಮಾತನ್ನೂ ತೂಗಿ ನೋಡಿದವನಲ್ಲ.

ಆರ್ಲಿಸ್ ಅಂಟಿದ ಕೈಯನ್ನು ತೊಳೆದು, ಒರೆಸಿ, ಫೋನಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ತಮ್ಮನಿಗೆ ಕರೆ ಮಾಡಿದಳು.

"ಹ್ಞೂಂ," ಎಂದ ಡೆಲ್ಮರ್.

"ನಾನು, ಆರ್ಲಿಸ್."

"ಗೊತ್ತು."

"ನಿನ್ನ ಕಡೆ ಹಿಮ ಜಾಸ್ತಿ ಬಿತ್ತಾ?"

"ನಿನ್ನ ಕಡೆ ಬಿದ್ದಷ್ಟೇ. ಮಧ್ಯ ಇರೋದು ಒಂದು ಜೋಳದ ಹೊಲ."

"ಜಿಂಕೆ ಸಿಕ್ತಾ ಈ ಸಲ?"

"ಸಣ್ಣದೊಂದು."

ಆರ್ಲಿಸ್ ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಲೆಫ್ಸ ಹಿಟ್ಟಿಗೆ ಮೈದಾ ಹಾಕ್ಬಿಟ್ಟೆ, ಡೆಲ್ಮರ್. ರಾತ್ರಿನೇ."

"ರಾತ್ರಿನೇ?"

"ರಾತ್ರಿನೇ."

"ಎಲ್ಲಾದಕ್ಕೂ?"

"ಎಲ್ಲಾದಕ್ಕೂ."

"ಅಮ್ಮ ಇದ್ದಿದ್ರೆ ನಿನ್ನನ್ನೂ ಹಿಟ್ಟಿನ ಜೊತೆ ಹೊರಗಿಡೋಳು."

"ಇಡೋಳು. ಹಂದಿಗೆ ಹಾಕೋಣ ಅಂದ್ರೆ ಹಂದಿನೂ ಸಾಕಿಲ್ಲ ಈಗ."

ಆಮೇಲೆ ಅವನು ಗಂಟಲು ಸರಿಮಾಡಿಕೊಂಡ. "ಎಸೀಬೇಡ. ನಂಗೆ ಹೇಗೂ ಆ ಕಡೆ ಸ್ವಲ್ಪ ಕೆಲಸ ಇದೆ."

ಅವಳ ಮನೆ ದಾಟಿದರೆ ಆ ರಸ್ತೆ ಸ್ಮಶಾನಕ್ಕೆ ಹೋಗಿ ನಿಲ್ಲುತ್ತಿತ್ತು. ಏನು ಕೆಲಸ ಎಂದು ಅವಳು ಕೇಳಲಿಲ್ಲ.

ಅವನು ಕಾವಲಿ ಹೊತ್ತುಕೊಂಡೇ ಬಂದ. ಗಾಡಿಯ ಹಿಂದೆ ಹೋದ ವರ್ಷದ ಚುನಾವಣೆಯ ಚೀಟಿ ಬಣ್ಣ ಮಾಸಿ ಇನ್ನೂ ಅಂಟಿಕೊಂಡಿತ್ತು. ಆರ್ಲಿಸಳ ಕಿಟಕಿಯಲ್ಲಿ ಅವಳದ್ದೂ ಇತ್ತು. ಡೆಲ್ಮರ್ ಕಿಟಕಿ ನೋಡಿದ, ಅವಳು ಗಾಡಿ ನೋಡಿದಳು.

"ಕಾಫಿ?"

"ಬೇಡ, ಬೇಡ."

"ಇಳಿಸಿದ್ದೇ ಇದೆ."

"ಸುಮ್ನೆ ನಿಂಗೆ ತೊಂದರೆ."

"ಚೆಲ್ಲಬೇಕಾಗತ್ತೆ ಅಷ್ಟೆ."

"ಹಂಗಾದ್ರೆ ಅರ್ಧ ಹಾಕು," ಎಂದ ಅವನು ತುಂಬು ಲೋಟ ಕುಡಿದು, ಅಂಗಿಯ ತೋಳು ಮಡಿಚಿ ಹಿಟ್ಟಿಗೆ ಕೈ ಹಾಕಿದ. ಇನ್ನಷ್ಟು ಮೈದಾ ಸೇರಿಸಿದ, ನಾದದೆ ಮೆಲ್ಲಗೆ ಒತ್ತಿ ಒತ್ತಿ ಒಗ್ಗೂಡಿಸಿದ, ಸಣ್ಣ ಸಣ್ಣ ಉಂಡೆ ಮಾಡಿ ಹಿಂದಿನ ಬಾಗಿಲಾಚೆ ಹಿಮದ ಮೇಲೆ ತಟ್ಟೆಯಿಟ್ಟ. "ದಪ್ಪ ಆಗತ್ತೆ. ಸ್ವಲ್ಪ ಬಿರುಸೂ ಆಗತ್ತೆ. ತಿನ್ನೋಕೆ ಅಡ್ಡಿಯಿಲ್ಲ."

ಉಂಡೆ ತಣಿದ ಮೇಲೆ ಆರ್ಲಿಸ್ ಬಟ್ಟೆ ಹೊದಿಸಿದ ಮಣೆಯ ಮೇಲೆ ಗೀರು ಗೀರಿನ ಲಟ್ಟಣಿಗೆ ಉರುಳಿಸತೊಡಗಿದಳು. ಅವನು ಕೋಲನ್ನು ಅಡಿಗೆ ಜಾರಿಸಿ, ಎತ್ತಿ, ಕಾವಲಿಯ ಮೇಲೆ ಸುರುಳಿ ಬಿಚ್ಚಿ ಹಾಸಿದ. ಗುಳ್ಳೆ ಎದ್ದವು, ಕಂದು ಚುಕ್ಕೆ ಬಿದ್ದವು, ಆಲೂಗಡ್ಡೆಯ ಬೆಚ್ಚನೆಯ ವಾಸನೆ ಅಡುಗೆಮನೆ ತುಂಬಿತು. ಅವಳ ಕೈ ನಿಂತರೆ ಅವನ ಕೈ ನಡೆಯುತ್ತಿತ್ತು, ಅವನದು ನಿಂತರೆ ಅವಳದು. ಒಂದು ವರ್ಷ ಮಾತು ಬಿಟ್ಟಿದ್ದನ್ನು ಕೈಗಳು ಕೇಳಿಸಿಕೊಂಡೇ ಇರಲಿಲ್ಲ.

ಒಂದು ಲೆಫ್ಸ ಮಣೆಗೆ ಅಂಟಿ ಅಂಕುಡೊಂಕಾಗಿ ಎದ್ದಿತು. ಡೆಲ್ಮರ್ ಅದನ್ನು ಕೋಲಿನ ಮೇಲೆ ತೂಗಾಡಿಸಿದ. "ಇದು ಯಾವ ರಾಜ್ಯದ ನಕ್ಷೆ?"

"ನಿಮ್ಮೋರು ಗೆದ್ದ ರಾಜ್ಯ. ನೋಡು, ಅಂಚೆಲ್ಲ ಹರಿದುಹೋಗಿದೆ."

ಬಾಯಿಗೆ ಬಂದದ್ದು ಬಂದುಬಿಟ್ಟಿತ್ತು. ಅವಳ ಲಟ್ಟಣಿಗೆ ನಿಂತಿತು. ಡೆಲ್ಮರ್ ಆ ಲೆಫ್ಸವನ್ನು ಕಾವಲಿಗೆ ಹಾಕಿದ, ತಿರುವಿದ, ಹತ್ತಿರ ಬಗ್ಗಿ ನೋಡಿದ.

"ಹಂಗಾದ್ರೆ ಈ ಕಡೆ ಸೀದಿರೋದು ನಿಮ್ಮೋರದ್ದು," ಎಂದ.

ಅವಳು ನಗು ತಡೆದುಕೊಂಡು ಇನ್ನೊಂದು ಉಂಡೆ ಎತ್ತಿಕೊಂಡಳು.

ಎಲ್ಲ ಮುಗಿದು, ಲೆಫ್ಸಗಳು ಬಟ್ಟೆಯ ಮಡಿಕೆಯೊಳಗೆ ಬೆಚ್ಚಗೆ ಮಲಗಿದ ಮೇಲೆ ಡೆಲ್ಮರ್ ಕೋಟು ತೊಟ್ಟ. ಈಗ ಹಬ್ಬದ ಊಟಕ್ಕೆ ಕರೆಯಬೇಕು ಎಂದು ಆರ್ಲಿಸಳಿಗೆ ಗೊತ್ತಿತ್ತು. ಆದರೆ ಕರೆಯಲು ಬಾಯಿ ತೆರೆದರೆ ಹೋದ ವರ್ಷದ ಮೌನವೇ ಅಲ್ಲಿ ಕೂತಿತ್ತು.

"ನಾಳೆ ಎಲ್ಲಿ ಊಟ?" ಎಂದಷ್ಟೇ ಕೇಳಿದಳು.

"ಚರ್ಚಿನ ನೆಲಮಾಳಿಗೇಲಿ ಹಾಕ್ತಾರಲ್ಲ. ಯಾರೂ ಇಲ್ದೋರಿಗೆ."

ಅವನು ಚುಚ್ಚಲೆಂದು ಹೇಳಿದ್ದಲ್ಲ. ಹೆಂಡತಿ ತೀರಿಕೊಂಡು, ಮಕ್ಕಳಿಲ್ಲದೆ ಒಬ್ಬನೇ ಇರುವವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಅದಕ್ಕೇ ಅವಳಿಗೆ ಹೆಚ್ಚು ನಾಟಿತು.

"ಅಲ್ಲಿ ಟರ್ಕಿ ಒಣಗಿ ಕಟ್ಟಿಗೆ ಆಗಿರತ್ತೆ."

"ಗ್ರೇವಿ ಹುಯ್ಕೊಂಡ್ರೆ ಇಳಿಯತ್ತೆ."

ಬಾಗಿಲಲ್ಲಿ ನಿಂತು ಅವನು ಕಾವಲಿಯತ್ತ ತಿರುಗಿದ. ಅಂಗೈಯನ್ನು ಅದರ ಮೇಲೆ ಹಿಡಿದು ನೋಡಿದ. "ಇನ್ನೂ ಬಿಸಿ ಇದೆ ಇದು."

ಆಚೆ ಮೆಟ್ಟಿಲ ಕೆಳಗೆ ಮೊಣಕಾಲುದ್ದ ಹಿಮ ಬಿದ್ದಿತ್ತು. ಅದರ ಮೇಲಿಟ್ಟರೆ ಕಾವಲಿ ಬೂಟಿನ ದಾರ ಕಟ್ಟುವಷ್ಟರಲ್ಲಿ ತಣಿಯುತ್ತಿತ್ತು. ಬೆಳಗ್ಗೆ ಹಿಟ್ಟನ್ನು ಅಲ್ಲಿಯೇ ತಣಿಸಿದವನು ಅವನೇ.

"ಬಿಸಿ ಇದೆ," ಎಂದಳು ಆರ್ಲಿಸ್. "ಈಗ ಎತ್ತಬೇಡ. ಕೈ ಸುಟ್ಕೋತೀಯ."

"ಹಂಗಾದ್ರೆ ನಾಳೆ ಬಂದು ತಗೊಂಡು ಹೋಗ್ತೀನಿ."

"ಮಧ್ಯಾಹ್ನ ನಾನು ಮನೇಲೇ ಇರ್ತೀನಿ."

ಮಾರನೆಯ ದಿನ ಸಿಗ್ರಿಡ್ ಮತ್ತು ಅವಳ ಗಂಡ ಆನ್ಸೆಲ್ ಬಂದರು. ಸಿಗ್ರಿಡ್ ಕಾವಲಿ ನೋಡಿದಳು, ಮೇಜಿನ ಮೇಲೆ ನಾಲ್ಕನೆಯ ತಟ್ಟೆ ನೋಡಿದಳು.

"ಡೆಲ್ಮರ್ ಮಾವ ಬರ್ತಾನಾ?"

"ಕಾವಲಿ ತಗೊಂಡು ಹೋಗೋಕೆ."

"ಊಟದ ಹೊತ್ತಿಗಾ?"

"ಆ ಹೊತ್ತಿಗೇ ಬಂದ್ರೆ ಏನು ಮಾಡೋಕಾಗತ್ತೆ."

"ಅಮ್ಮ, ಹೋದ ವರ್ಷದ ಮಾತು ಮತ್ತೆ ಬಂದ್ರೆ ನಾನು ತಟ್ಟೆ ಎತ್ಕೊಂಡು ಅಡುಗೆಮನೆಗೆ ಹೋಗ್ತೀನಿ."

"ಹೋಗು. ಸಿಂಕಿನ ತುಂಬ ಪಾತ್ರೆ ಬಿದ್ದಿವೆ, ತೊಳೆದು ಬಾ."

ಡೆಲ್ಮರ್ ಬಂದ. ತಲೆ ಬಾಚಿ, ಚರ್ಚಿಗೆ ಹೋಗುವ ಅಂಗಿ ತೊಟ್ಟು, ಕೈಯಲ್ಲಿ ಜಿಂಕೆ ಮಾಂಸದ ಪೊಟ್ಟಣ ಹಿಡಿದು ಬಂದ. ಕಾವಲಿಯ ಹೆಸರನ್ನು ಯಾರೂ ಎತ್ತಲಿಲ್ಲ. ಟರ್ಕಿ, ಬೇಯಿಸಿದ ಗೆಣಸು, ಸೇಬು ಹಾಕಿದ ಎಲೆಕೋಸು, ಆರ್ಲಿಸಳ ತೋಟದ ಹುರುಳಿಕಾಯಿ, ನಡುವೆ ಬಟ್ಟೆ ಮುಚ್ಚಿದ ಲೆಫ್ಸಗಳ ರಾಶಿ. ನಾಲ್ವರೂ ಕೂತರು, ತಲೆ ತಗ್ಗಿಸಿದರು.

ಆನ್ಸೆಲ್ ತನ್ನ ತಂದೆಯ ಕಣ್ಣಿನ ಶಸ್ತ್ರಚಿಕಿತ್ಸೆ ಚೆನ್ನಾಗಿ ಆದದ್ದಕ್ಕೆ ಎಂದ. ಆರ್ಲಿಸ್ "ಅದಕ್ಕೂ ಸ್ತೋತ್ರ" ಎಂದಳು. ಎಲ್ಲರೂ ದನಿಗೂಡಿಸಿದರು.

ಸಿಗ್ರಿಡ್ ತಲೆಯೆತ್ತಿ ನೇರವಾಗಿ ಮಾವನನ್ನು ನೋಡಿದಳು. "ಸೋತ್ವಿ. ಆದ್ರೂ ಮುಂದಿನ ಸಲ ಬಾಗಿಲು ತಟ್ಟೋಕೆ ಕಾಲಲ್ಲಿ ಶಕ್ತಿ ಉಳಿದಿದೆ. ಅದಕ್ಕೆ."

ಈ ಕಡೆ ಮಗಳು, ಆ ಕಡೆ ತಮ್ಮ. ಆರ್ಲಿಸ್ ಉಸಿರೆಳೆದುಕೊಳ್ಳುವುದರೊಳಗೆ ಡೆಲ್ಮರನ ದಪ್ಪ ದನಿ, ಥೇಟ್ ಅಪ್ಪನದರಂತೆ, ಮೇಜಿನ ಆಚೆಯಿಂದ ಬಂತು.

"ಅದಕ್ಕೂ ಸ್ತೋತ್ರ."

ಸಿಗ್ರಿಡ್ ಕಣ್ಣು ಪಿಳಿಪಿಳಿ ಬಿಟ್ಟಳು. ಏನೋ ಉತ್ತರ ಸಿದ್ಧಮಾಡಿಕೊಂಡಿದ್ದವಳು ಅದನ್ನು ನುಂಗಿಕೊಂಡಳು.

ಈಗ ಡೆಲ್ಮರನ ಸರದಿ. ಅವನು ತುಂಬ ಹೊತ್ತು ತಟ್ಟೆಯನ್ನೇ ನೋಡಿದ. ಆನ್ಸೆಲ್ ನೀರಿನ ಲೋಟ ಎತ್ತಿದವನು ಕುಡಿಯದೆ ಕೆಳಗಿಟ್ಟ.

"ನಮ್ಮ ಆರ್ಲಿ," ಎಂದ ಡೆಲ್ಮರ್, "ಹಿಟ್ಟಿಗೆ ರಾತ್ರಿನೇ ಮೈದಾ ಹಾಕ್ಬಿಟ್ಲಲ್ಲ, ಅದಕ್ಕೆ."

"ಅದಕ್ಕೂ ಸ್ತೋತ್ರ," ಎಂದಳು ಆರ್ಲಿಸ್. ಆನ್ಸೆಲ್ ನಕ್ಕುಬಿಟ್ಟ. ಸಿಗ್ರಿಡ್ "ಅಮ್ಮ, ನಿಜವಾಗ್ಲೂ?" ಎಂದಳು.

"ನಿಂದು ಬಾಕಿ," ಎಂದ ಡೆಲ್ಮರ್.

ಹಿಂದಿನ ರಾತ್ರಿಯೆಲ್ಲ ಆರ್ಲಿಸ್ ಏನೇನೋ ಹೊಂದಿಸಿಟ್ಟುಕೊಂಡಿದ್ದಳು. ಒಂದೂ ನೆನಪಾಗಲಿಲ್ಲ. "ನಂದು ಹೋದ ವರ್ಷದ್ದೇ ಉಳಿದಿದೆ," ಎಂದಳು. ಆಮೇಲೆ ತಮ್ಮನ ಮುಖ ನೋಡಿ, ಅಂದು ಹೇಳಬೇಕಿದ್ದ ಅದೇ ನಿಧಾನದಲ್ಲಿ ಹೇಳಿದಳು: "ಅದಕ್ಕೂ ಸ್ತೋತ್ರ, ಡೆಲ್ಮರ್."

ಡೆಲ್ಮರ್ ತೊಡೆಯ ಮೇಲಿನ ಬಟ್ಟೆಯನ್ನು ಕೈಗೆತ್ತಿಕೊಂಡ. ಆರ್ಲಿಸ್ ಆ ಬಟ್ಟೆಯನ್ನೇ ನೋಡುತ್ತಿದ್ದಳು. ಅವನು ಅದರಿಂದ ಮೂಗು ಒರೆಸಿಕೊಂಡು ಮತ್ತೆ ತೊಡೆಯ ಮೇಲೆ ಹಾಸಿಕೊಂಡ.

"ಅಂದ್ರೆ ನಮ್ಮ ಪಕ್ಷಕ್ಕೆ ಬಂದೆ ಅಂತನಾ?"

"ಕನಸಲ್ಲೂ ಇಲ್ಲ."

"ಹಂಗೇ ಅಂದ್ಕೊಂಡೆ. ಗ್ರೇವಿ ಈ ಕಡೆ ಕಳಿಸು."

ಲೆಫ್ಸ ದಪ್ಪಗಿತ್ತು, ಅವನು ಹೇಳಿದ ಹಾಗೆ ಬಿರುಸೂ ಆಗಿತ್ತು. ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಸುರುಳಿ ಸುತ್ತಿ ತಿಂದರು. ಸಿಗ್ರಿಡ್ ಅಡುಗೆಮನೆಗೆ ಹೋಗಲಿಲ್ಲ. ಮಾತು ಒಮ್ಮೆ ಶಾಲೆಗಳ ಕಡೆ, ಒಮ್ಮೆ ತೆರಿಗೆಯ ಕಡೆ ಹೊರಳಿ ಬಿಸಿಯಾಯಿತು. ಆಗೆಲ್ಲ ಆನ್ಸೆಲ್ ಗೆಣಸಿನ ಬೋಗುಣಿಯನ್ನು ಇಬ್ಬರ ನಡುವೆ ಹಿಡಿದ.

ಕೊನೆಗೆ ತಟ್ಟೆಯಲ್ಲಿ ಒಂದೇ ಲೆಫ್ಸ ಉಳಿಯಿತು. ಆ ಊರಿನಲ್ಲಿ ಕೊನೆಯದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಆನ್ಸೆಲ್ ಅದನ್ನು ಅರ್ಧ ಹರಿದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಆರ್ಲಿಸ್ ಉಳಿದ ಅರ್ಧದಲ್ಲಿ ಅರ್ಧ ತೆಗೆದುಕೊಂಡಳು. ಸಿಗ್ರಿಡ್ ಅದರಲ್ಲೂ ಅರ್ಧ ಹರಿದು, ಮಿಕ್ಕ ಚೂರಿಗೆ ಬೆಣ್ಣೆ ಸವರಿ, ತಟ್ಟೆಯನ್ನು ಮಾವನ ಮುಂದೆ ಸರಿಸಿದಳು.

"ಬೇಡ, ಬೇಡ," ಎಂದ ಡೆಲ್ಮರ್.

"ಸವರಿದ್ದಾಯ್ತು."

"ಸುಮ್ನೆ ನಿಂಗೆ ತೊಂದರೆ."

"ಚೆಲ್ಲಬೇಕಾಗತ್ತೆ, ಮಾವ."

ಅವನು ಆ ಚೂರನ್ನು ಎತ್ತಿ, ಬೆಳಕಿಗೆ ಹಿಡಿದು, ನಡುವೆ ಹರಿದ. ಒಂದನ್ನು ಬಾಯಿಗೆ ಹಾಕಿಕೊಂಡ. ಇನ್ನೊಂದು, ಉಗುರಿನಷ್ಟು ಉಳಿದದ್ದು, ತಟ್ಟೆಯಲ್ಲೇ ಇತ್ತು.

ಕತ್ತಲಾಗುವ ಮೊದಲು ಅವನು ಹೊರಟ. ಗಾಡಿ ತಿರುಗಿ ಹೊಲ ದಾಟಿದ ಮೇಲೆ ಆರ್ಲಿಸ್ ಅಡುಗೆಮನೆಗೆ ಬಂದಳು. ಕಾವಲಿ ಅಲ್ಲೇ ಇತ್ತು. ಅವಳು ಅದನ್ನು ಒರೆಸಿ, ಕೋಲನ್ನು ಅದರ ಪಕ್ಕಕ್ಕೆ ಒರಗಿಸಿಟ್ಟಳು.