ಅಪ್ಪ ಕೂತು ಕೇಳಿದ ಹಾಡು

ನಾನು ಸಂಪತ್ ಕುಮಾರ, ಮಂಡ್ಯದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವನು. ಮೊದಲಿಂದಲೂ ಮುಂಗೋಪಿ, ಸುತ್ತಿಬಳಸಿ ಹೇಳುವುದು ನನಗೆ ಬಾರದು. ಆತಗೂರಿನ ಚಲುವರಾಜು ಗಿಟಾರು ಹಿಡಿದು ಹಾಡಿದರೆ ಮದ್ದೂರು, ಮಳವಳ್ಳಿ ಎಲ್ಲೇ ಆಗಲಿ ಜನ ಕೂತಲ್ಲಿಂದ ಏಳುತ್ತಿರಲಿಲ್ಲ. ಅಂಥವನ ಒಂದೇ ಒಂದು ಹಾಡೂ ಗ್ರಾಮಫೋನ್ ಪ್ಲೇಟಾಗಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎಪ್ಪತ್ತೊಂದರಲ್ಲಿ ಇಬ್ಬರೂ ಸೇರಿ ವಾದ್ಯಗೋಷ್ಠಿ ಕಟ್ಟಿದೆವು. ಹಳೆಯ ಗಿಟಾರಿಗೆ ಕರೆಂಟು ಕೊಟ್ಟವನು ನಾನು, ಆಂಪ್ಲಿಫೈಯರ್ ಮಾಡಿದವನೂ ನಾನೇ. ಅದರಲ್ಲಿ ಒಂದಿಷ್ಟು ಕರೆಂಟು ಸೋರುತ್ತಿತ್ತು, ತಂತಿಯಾಗಲಿ ಮೈಕಾಗಲಿ ಮುಟ್ಟಿದರೆ ಮೈ ಜುಮ್ಮೆನ್ನುತ್ತಿತ್ತು. ಸರಿ ಮಾಡುತ್ತೇನೆ, ಮಾಡುತ್ತೇನೆ ಅನ್ನುತ್ತಲೇ ಆರು ವರ್ಷ ಕಳೆದೆ. ಅದಕ್ಕೇ ಚಲುವರಾಜು ದಪ್ಪ ರಬ್ಬರಿನ ಬೂಟು ಹಾಕಿಕೊಂಡೇ ನುಡಿಸುತ್ತಿದ್ದ. ಜನ ಅದನ್ನು ಶೋಕಿ ಅಂದುಕೊಂಡರು. ಮದುವೆಗಳಲ್ಲಿ ಮೊದಲು ಸಿನಿಮಾ ಹಾಡು, ಕೊನೆಗೆ ಅವನೇ ಕಟ್ಟಿದ ಒಂದೆರಡು. ಕಬ್ಬಿನ ಗಾಡಿ ಹೊಡೆಯುವವರ ಮೇಲೆ ಒಂದು, ನೀರು ನಿಂತ ನಾಲೆಯ ಮೇಲೆ ಇನ್ನೊಂದು. ಅದಕ್ಕೆ ಹೆಂಗಸರು ಕಣ್ಣೊರೆಸಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ.

ಅವನ ಅಪ್ಪ ಮರಿಸಿದ್ದಯ್ಯ ಮಾತ್ರ ಒಂದು ದಿನವೂ ಕೇಳಲಿಲ್ಲ. ಕಂಡವರ ಮದುವೆಯಲ್ಲಿ ಕೂಗಿ ಹೊಟ್ಟೆ ಹೊರೆಯುವವನು ತನ್ನ ಮಗನೇ ಅಲ್ಲ ಅನ್ನುತ್ತಿದ್ದರು. ಒಮ್ಮೆ ಮಳವಳ್ಳಿಗೆ ನೆಂಟರ ಮದುವೆಗೆ ಬಂದವರು, ಮೈಕಿನಲ್ಲಿ ಮಗನ ದನಿ ಕೇಳಿದ್ದೇ ತಡ, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದರು. ಚಲುವರಾಜು ಹಾಡು ನಿಲ್ಲಿಸಲಿಲ್ಲ. ಆಮೇಲೆ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತ.

"ಸಾವ್ರ ಜನ ಕೇಳುದ್ರೇನ್ಲಾ ಬಂತು? ಅಪ್ಪ ಒಂದ್ಸಲ ಕುಂತ್ಕಂಡು ಕೇಳ್ಲಿ, ಸಾಕು ಕಣ್ಲಾ," ಅಂದ.

ಎಪ್ಪತ್ತೇಳರ ವೈಶಾಖದಲ್ಲಿ ಅವನ ತಂಗಿ ಇಂದ್ರಮ್ಮನ ಮದುವೆ ಆತಗೂರಿನ ಮನೆಯ ಮುಂದೆಯೇ ಆಯಿತು. ಅಣ್ಣ ಹಾಡದಿದ್ದರೆ ಹಸೆಮಣೆ ಹತ್ತುವುದಿಲ್ಲ ಅಂತ ಅವಳು ಹಟ ಹಿಡಿದಿದ್ದಳು. ಮರಿಸಿದ್ದಯ್ಯ ಕೊನೆಗೂ ಬಗ್ಗಿದರು. ಧಾರೆ ಮುಗಿದ ಮಧ್ಯಾಹ್ನ ಚಪ್ಪರದ ಎದುರಿಗೆ ಚಾಪೆಯ ಮೇಲೆ ಬಂದು ಕೂತೇಬಿಟ್ಟರು. ನನಗಂತೂ ನಂಬಲಾಗಲಿಲ್ಲ.

ಮಗನ ಕಾಲು ನೋಡಿ, "ಲೇ, ದ್ಯಾವ್ರ ಚಪ್ರ ಕಣ್ಲಾ ಅದು. ಮೆಟ್ಟು ಬುಟ್ಟು ನಿಂತ್ಕೊ," ಅಂದರು.

ನಮ್ಮ ಕಡೆ ಯಾವ ಹಿರಿಯರಾದರೂ ಆಡುವ ಮಾತೇ ಅದು. ಸಗಣಿ ಸಾರಿಸಿದ ನೆಲ ಇನ್ನೂ ಹಸಿಯಾಗಿತ್ತು. ನಾನು ಬಾಯಿ ತೆರೆದೆ. ಚಲುವರಾಜು ಆಗಲೇ ಬೂಟು ಬಿಚ್ಚುತ್ತಿದ್ದ.

"ಸುಮ್ನಿರ್ಲಾ ಸಂಪತ್ತು," ಅಂತ ಪಿಸುಗುಟ್ಟಿದ. "ಅಪ್ಪ ಕುಂತವ್ರೆ. ಈಗೇನಾರ ಅಂದ್ರೆ ಎದ್ದೋಯ್ತಾರೆ."

ಎಲ್ಲದಕ್ಕೂ ಜಗಳ ಕಾಯುವ ನಾನು ಅಂದೊಂದು ದಿನ ಬಾಯಿ ಮುಚ್ಚಿಕೊಂಡೆ.

ನಾಲೆಯ ಹಾಡು ಎತ್ತಿಕೊಂಡ. ಮೊದಲ ಚರಣ ಮುಗಿಯುವಷ್ಟರಲ್ಲಿ ಮರಿಸಿದ್ದಯ್ಯನವರ ತಲೆ ತಾಳಕ್ಕೆ ಸರಿಯಾಗಿ ಆಡುತ್ತಿತ್ತು. ಅದನ್ನು ಕಂಡು ಚಲುವರಾಜು ಹಾಡುತ್ತಲೇ ನಕ್ಕ. ಮೈಕಿಗೆ ಇನ್ನೂ ಹತ್ತಿರ ಬಂದ, ತುಟಿ ತಾಗಿತು. ಕರೆಂಟು ಹೊಡೆದು ಗಿಟಾರಿನ ಸಮೇತ ನೆಲಕ್ಕೆ ಬಿದ್ದ. ನಾನು ವೈರು ಕಿತ್ತು ಓಡಿ ಬರುವಷ್ಟರಲ್ಲಿ ಜೀವ ಹೋಗಿತ್ತು.

ಹನ್ನೊಂದನೆಯ ದಿನ, ತಿಥಿ ಮುಗಿದ ಮೇಲೆ, ಮರಿಸಿದ್ದಯ್ಯ ನನ್ನನ್ನು ಹಿತ್ತಲಿಗೆ ಕರೆದರು. ಅಷ್ಟು ದಿನವೂ ಅವರು ಒಂದು ಹನಿ ಕಣ್ಣೀರು ಹಾಕಿರಲಿಲ್ಲ, ಸರಿಯಾಗಿ ಅನ್ನವನ್ನೂ ಮುಟ್ಟಿರಲಿಲ್ಲ.

"ಸ್ವಾಮಿ, ಆರು ವರ್ಸದಿಂದ ಅದೇ ತಂತಿ ಮುಟ್ಟವ್ನೆ. ನಾನು ಕುಂತ ದಿನ್ವೇ ಯಾಕೆ ಕರೆಂಟು ಇಡ್ಕಂತು? ನಾನೇನಾರ ಮಾಡ್ಬುಟ್ನಾ?"

ಉತ್ತರ ನನಗೆ ಗೊತ್ತಿತ್ತು, ಬಿಚ್ಚಿಸಿದ ಆ ಬೂಟು. ಆ ಮುಖ ನೋಡಿಕೊಂಡು ಅದನ್ನು ಹೇಳಲು ನಾಲಿಗೆ ಹೊರಳಲಿಲ್ಲ.

"ನಿಮ್ಮದೇನೂ ಇಲ್ಲ ಯಜಮಾನ್ರೇ," ಅಂದೆ. "ಅವತ್ತು ನಾನು ಕುಡಿದಿದ್ದೆ. ವೈರು ತಪ್ಪಾಗಿ ಕೊಟ್ಟೆ."

ಹೆಂಡದ ವಾಸನೆಯನ್ನೂ ಕಂಡವನಲ್ಲ ನಾನು. ಅವರು ನನ್ನ ಮುಖಕ್ಕೆ ಉಗಿದರು.

"ನನ್ ಮಗನ್ನ ತಿಂದ್ಕಂಡಲ್ಲೋ. ಓಗು, ಈ ಕಡೆ ತಲೆ ಆಕ್ಬ್ಯಾಡ."

ಹಾಗಂದವರು ಅಲ್ಲೇ ಕುಸಿದು ಕೂತು, ಬಾಯಿ ಬಿಟ್ಟು ಅತ್ತರು. ನಾನು ಮುಖ ಒರೆಸಿಕೊಂಡು ಬಸ್ಸಿಗೆ ನಡೆದೆ.

ಆತಗೂರಿನವರು ಈಗಲೂ ನನ್ನನ್ನು ಕುಡುಕ ಅಂತಲೇ ಕರೆಯುತ್ತಾರೆ. ಕರೆಯಲಿ. ಮರಿಸಿದ್ದಯ್ಯ ಇನ್ನೂ ಹನ್ನೆರಡು ವರ್ಷ ಬದುಕಿದರು, ಅಷ್ಟೂ ವರ್ಷ ನನ್ನನ್ನೇ ಶಪಿಸುತ್ತ.