ಪರದೆಯ ನಡುವಿನ ಖಾಲಿ ಜಾಗ

ಮಗಳಿಗೆ ತಲೆ ಕೆಟ್ಟುಹೋಗಿತ್ತು. ಕೆಡದೆ ಇನ್ನೇನು? ಅಪ್ಪ ಬಿಟ್ಟುಹೋದ ಫೋಟೋ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದುಕೊಂಡು ತನ್ನ ಪಾಡಿಗೆ ತಾನಿದ್ದವಳು ಅವಳು. ಅಲ್ಲಿಗೆ ಒಂದು ದಿನ ಚಿತ್ರಕಲಾ ಪ್ರದರ್ಶನ ಏರ್ಪಡಿಸುವ ಮೇಡಂ ಒಬ್ಬರು ಬಂದರು. ಅಂದಿನ, ಇಂದಿನ ಕಲಾವಿದೆಯರ ಚಿತ್ರಗಳನ್ನೆಲ್ಲ ಒಂದೇ ಸೂರಿನಡಿ ತರುವ ಹುಚ್ಚು ಆಕೆಗೆ. ಯಾರದೋ ಮನೆಯ ಹಳೆಯ ಮದುವೆ ಫೋಟೋದಲ್ಲಿ ಗಂಡುಹೆಣ್ಣಿನ ಹಿಂದಿದ್ದ ಚಿತ್ರದ ಪರದೆಗೆ ಮರುಳಾಗಿ, ಅದನ್ನು ಬರೆದವರು ಯಾರೆಂದು ವಿಚಾರಿಸುತ್ತ ಬಂದಿದ್ದರು.

"ನಮ್ಮಮ್ಮ," ಎಂದಳು ಮಗಳು. ಹೇಳಿದ ಮೇಲೆ ಆ ಮಾತು ಅವಳಿಗೇ ಹೊಸದಾಗಿ ಕೇಳಿಸಿತು. ಬೋರ್ಡಿನ ಮೇಲೆ ಅಪ್ಪನ ಹೆಸರು, ಫೋಟೋಗಳ ಹಿಂದೆ ಅಪ್ಪನ ಮೊಹರು. ಅಮ್ಮ ಪರದೆ ಬರೆಯುತ್ತಾಳೆ ಎನ್ನುವುದು ಅಮ್ಮ ಪಾತ್ರೆ ತೊಳೆಯುತ್ತಾಳೆ ಎನ್ನುವಷ್ಟೇ ಮಾಮೂಲು ಸಂಗತಿ ಆ ಮನೆಯಲ್ಲಿ. ಈಗ ಅಮ್ಮನ ಹೆಸರೂ ಒಂದು ಗೋಡೆಯ ಮೇಲೆ ಬರಲೇಬೇಕು ಎಂದು ಅವಳಿಗೆ ಹಟ ಬಂತು.

ಉಳಿದಿದ್ದ ಒಂದೇ ಪರದೆಯನ್ನು ಅಟ್ಟದಿಂದ ಇಳಿಸಿ ಬಿಚ್ಚಿದರು. ಎಡಕ್ಕೆ ಮೆಟ್ಟಿಲು, ಬಲಕ್ಕೆ ಹೂಬಳ್ಳಿ, ಮೇಲೆ ಮೋಡ. ನಡುವೆ? ಏನೂ ಇಲ್ಲ. ಬರೀ ಬೂದು ಬಣ್ಣ ಬಳಿದ ಆಳೆತ್ತರದ ಜಾಗ.

"ಇದು ಪೂರ್ತಿ ಆಗಿಲ್ವಲ್ಲ," ಎಂದರು ಮೇಡಂ.

"ಅಲ್ಲಿ ಜನ ನಿಲ್ತಾರಲ್ವಾ," ಎಂದಳು ಅಮ್ಮ, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ. "ಮುಚ್ಚಿಹೋಗೋ ಜಾಗಕ್ಕೆ ಯಾಕೆ ಬಣ್ಣ ದಂಡ ಮಾಡೋದು?"

ಮೇಡಂ ಇಕ್ಕಟ್ಟಿಗೆ ಸಿಕ್ಕಿದರು. ಹೀಗೇ ತೂಗುಹಾಕಿದರೆ ಅರ್ಧಕ್ಕೆ ಬಿಟ್ಟ ಕೆಲಸ ಅಂದುಕೊಳ್ಳುತ್ತಾರೆ, ನಡುವೆ ಏನಾದರೂ ಬರೆದುಕೊಡಿ ಎಂದು ಹೇಳಿಹೋದರು. ಅಮ್ಮ ಕುಂಚ ಹಿಡಿದು ಕೂತಳು. ಒಂದು ಗಿಡ ಬರೆಯಹೊರಟವಳು ಕೈ ಹಿಂದಕ್ಕೆ ತೆಗೆದಳು.

"ಏನಾಯ್ತಮ್ಮ?"

"ಇಲ್ಲಿ ಗಿಡ ಬರೆದ್ರೆ ಜನ ಎಲ್ಲಿ ನಿಲ್ಬೇಕೇ?"

"ಇನ್ನು ಯಾರೂ ನಿಲ್ಲಲ್ಲಮ್ಮ. ಎಲ್ಲರೂ ನಿನ್ನ ಚಿತ್ರಾನೇ ನೋಡೋಕೆ ಬರ್ತಾರೆ."

"ಬರೀ ಚಿತ್ರಾನಾ?" ಅಮ್ಮ ಮಗಳ ಮುಖವನ್ನೇ ನೋಡಿದಳು. "ಅದ್ರಲ್ಲಿ ನೋಡೋಕೇನಿದೆ?"

ಮಗಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಯಾರ ಮೇಲಿನ ಸಿಟ್ಟು ಎನ್ನುವುದು ಮಾತ್ರ ಬಗೆಹರಿಯಲಿಲ್ಲ. ಅಪ್ಪನ ಮೇಲೆ ಎನ್ನೋಣವೆಂದರೆ ಪಾಪ, ಒಳ್ಳೆಯ ಮನುಷ್ಯ. ಕೊನೆಗೆ ಅವಳೇ ಮೇಡಂಗೆ ಫೋನ್ ಮಾಡಿ, ಖಾಲಿ ಜಾಗ ಖಾಲಿಯಾಗಿಯೇ ಇರುತ್ತದೆ, ಬೇಕಾದರೆ ಹಾಕಿ ಇಲ್ಲದಿದ್ದರೆ ಬಿಡಿ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಳು. ಮೇಡಂಗೆ ಏನನ್ನಿಸಿತೋ ಏನೋ, ಹಾಗೇ ಹಾಕಿದರು.

ಪ್ರದರ್ಶನದ ದಿನ ಪರದೆಯ ಪಕ್ಕದಲ್ಲಿ ಅಮ್ಮನ ಹೆಸರು ದಪ್ಪಕ್ಷರದಲ್ಲಿತ್ತು. ಜನ ಬಂದರು, ಚೆನ್ನಾಗಿದೆ ಅಂದರು, ಆಮೇಲೆ ಪರದೆಗೆ ಬೆನ್ನು ಹಾಕಿ ಖಾಲಿ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡರು. ಇದು ಗೌರವವೋ, ಮತ್ತೆ ಅದೇ ಹಳೇ ಕಥೆಯೋ? ಮಗಳಿಗೆ ನಗಬೇಕೋ ಜಗಳಕ್ಕೆ ಹೋಗಬೇಕೋ ತೋಚಲಿಲ್ಲ.

"ನೀನೂ ನಿಲ್ಲಮ್ಮ. ಇದರ ಮುಂದೆ ನಿನ್ನದೊಂದೂ ಫೋಟೋ ಇಲ್ಲ," ಎಂದಳು.

ಅಮ್ಮ ತಲೆಗೂದಲು ಸರಿಮಾಡಿಕೊಂಡು ಹೋಗಿ ನಿಂತಳು. ಆದರೆ ಕ್ಯಾಮೆರಾಗೆ ಬೆನ್ನು, ಪರದೆಗೆ ಮುಖ. ಸುತ್ತಲಿದ್ದವರು ನಕ್ಕರು.

"ಅಮ್ಮ, ಈ ಕಡೆ ತಿರುಗು."

"ಇರೇ," ಎಂದಳು ಅಮ್ಮ, ಬಳ್ಳಿಯನ್ನು ಬೆರಳಿನಿಂದ ಸವರುತ್ತ. "ಸ್ಟುಡಿಯೋಲಿ ಲೈಟ್ ಹಾಕ್ದಾಗೆಲ್ಲ ಯಾರಾದ್ರೂ ಅಡ್ಡ ನಿಂತಿರ್ತಿದ್ರು. ಚೆನ್ನಾಗೇ ಬರ್ದಿದೀನಲ್ಲೇ."

ಇನ್ನೊಮ್ಮೆ ತಿರುಗು ಎನ್ನಬೇಕೋ ಬೇಡವೋ ಮಗಳಿಗೆ ತಿಳಿಯಲಿಲ್ಲ. ಹಾಗೇ ಕ್ಲಿಕ್ಕಿಸಿದಳು.